ಅಣ್ಣ ತೋರಿಸಿದ ಪ್ಯಾಕೆಟ್

ಸಂಕ್ರಾಂತಿ ಮುಗಿದ ವಾರ ಗಂಗಾವತಿ ಹತ್ತಿರದ ನಮ್ಮೂರಿಂದ ಅಣ್ಣ ವಿಡಿಯೋ ಕಾಲ್ ಮಾಡಿದ್ದ. ಹೇಗಿದ್ದೀ ಅಂತಲೂ ಕೇಳದೆ ಒಂದು ಹೊಳೆಯುವ ಪ್ಯಾಕೆಟ್ಟನ್ನು ಕ್ಯಾಮೆರಾಗೆ ಹಿಡಿದ. "ತಮ್ಮಾ, ನಿಮ್ಮ ಕಡೆ ದನಕ್ಕ ಇದನ್ನ ಹಾಕ್ತಾರಂತಲ್ಲ, ಹೌದೇನು? ಮಣಕ ಜಲ್ದಿ ಬೆಳೀತಾವಂತ." ಮಣಕ ಅಂದರೆ ಇನ್ನೂ ಕರು ಹಾಕದ ಎಳೆ ದನ.

ಯೀಸ್ಟ್ ಪುಡಿ. ಇಲ್ಲಿ ನೆದರ್ಲೆಂಡ್ಸಿನಲ್ಲಿ ಹಾಕುತ್ತಾರೆ, ಸುಳ್ಳಲ್ಲ. ಆದರೆ ನನ್ನ ಕಣ್ಣು ಅವನ ಹಿಂದಿನ ಗ್ವಾದಲಿ, ಅಂದರೆ ದನಕ್ಕೆ ಮೇವು ಹಾಕುವ ಜಾಗದ ಮೇಲಿತ್ತು. ಅದರಲ್ಲಿ ಇದ್ದದ್ದು ಬರೀ ನೆಲ್ಲುಹುಲ್ಲು.

ನಮ್ಮ ಮನೆ ಹಿಂದೆ ಇಲ್ಲಿನ ರೈತರೊಬ್ಬರ ಕೊಟ್ಟಿಗೆ ಇದೆ. ನೂರು ಚಿಲ್ಲರೆ ಹಸು. ಅವರ ಹಾಲಿನ ಚೀಟಿಯಲ್ಲಿ ಫ್ಯಾಟು, ಪ್ರೋಟೀನಿನ ಕೆಳಗೆ ಯೂರಿಯಾ ಅಂತ ಇನ್ನೊಂದು ಅಂಕಿ ಇರುತ್ತದೆ. ಮೊದಲ ಸಲ ನೋಡಿ ಬೆಚ್ಚಿದ್ದೆ. ಹಾಲು, ಯೂರಿಯಾ ಅಂತ ಒಟ್ಟಿಗೆ ಕೇಳಿದರೆ ನಮ್ಮವರಿಗೆ ನೆನಪಾಗುವುದೇ ಕಲಬೆರಕೆ ಅಲ್ವಾ? ಇದು ಅದಲ್ಲ, ಹಸುವಿನ ಮೈಯಿಂದಲೇ ಬಂದ ಯೂರಿಯಾ.

ದನ ತಿಂದ ಮೇವನ್ನು ಮೊದಲು ತಿನ್ನುವುದು ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಮೇವಿನ ಪ್ರೋಟೀನನ್ನು ಒಡೆದು ಅಮೋನಿಯಾ ಮಾಡಿಕೊಂಡು, ಅದರಿಂದ ತಮ್ಮ ಮೈ ಬೆಳೆಸಿಕೊಳ್ಳುತ್ತವೆ. ಆಮೇಲೆ ದನ ಅವನ್ನೇ ಜೀರ್ಣ ಮಾಡಿಕೊಳ್ಳುತ್ತದೆ. ಅಮೋನಿಯಾ ಜಾಸ್ತಿಯಾದರೆ ಪಿತ್ತಜನಕಾಂಗ ಅದನ್ನು ಯೂರಿಯಾ ಮಾಡಿ ಹೊರಗೆ ಕಳಿಸುತ್ತದೆ. ಸ್ವಲ್ಪ ಹಾಲಿಗೆ, ಬಹುಪಾಲು ಉಚ್ಚೆಗೆ. ಪ್ರೋಟೀನು, ಅಮೋನಿಯಾ, ಯೂರಿಯಾ ಮೂರರಲ್ಲೂ ಇರುವುದು ಸಾರಜನಕ (ನೈಟ್ರೋಜನ್). ಹಾಲು ಕೊಡುವ ಹಸು ತಿಂದ ಸಾರಜನಕದಲ್ಲಿ ಹಾಲಿಗೆ ಸೇರುವುದು ಹೆಚ್ಚುಕಮ್ಮಿ ಕಾಲು ಭಾಗ ಅಷ್ಟೇ.

ಉಳಿದದ್ದೇ ಇಲ್ಲಿನ ತಲೆನೋವು. ಈ ಪುಟ್ಟ ದೇಶದಲ್ಲಿ ಹಾಲಿನ ಹಸುಗಳೇ 15 ಲಕ್ಷದ ಆಸುಪಾಸು. ಉಚ್ಚೆಯಿಂದ ಎದ್ದ ಅಮೋನಿಯಾ ಕಾಡು, ಜೌಗುನೆಲಗಳ ಮೇಲೆ ಬಿದ್ದು ಅವನ್ನು ಕೆಡಿಸುತ್ತದೆ. 2019ರ ಮೇನಲ್ಲಿ ಕೋರ್ಟು ಹಳೆಯ ಸಾರಜನಕ ನೀತಿಯನ್ನೇ ರದ್ದು ಮಾಡಿತು. ಅಕ್ಟೋಬರಿನಲ್ಲಿ ರೈತರು ಟ್ರ್ಯಾಕ್ಟರ್ ಹೊಡೆದುಕೊಂಡು ಹೇಗ್ ನಗರಕ್ಕೆ ಹೋದರು. ಈಗ ಎಲ್ಲರದೂ ಒಂದೇ ಲೆಕ್ಕ: ಪ್ರೋಟೀನಿನ ಹಿಂಡಿ ಎಷ್ಟು ಕಡಿಮೆ ಮಾಡಬಹುದು, ದೊಡ್ಡ ಹೊಟ್ಟೆಯಲ್ಲಿ ಕರಗದೆ ಮುಂದೆ ಹೋಗುವ ಬೈಪಾಸ್ ಪ್ರೋಟೀನ್ ಎಷ್ಟು ಕೊಡಬೇಕು. ಬೆಳವಣಿಗೆಗೆ ಅಂತ ಆಂಟಿಬಯೋಟಿಕ್ ಹಾಕುವುದನ್ನಂತೂ ಯುರೋಪ್ 2006ರಲ್ಲೇ ನಿಲ್ಲಿಸಿದೆ.

ನಮ್ಮಣ್ಣನ ಮಣಕಗಳ ಕಥೆ ಪೂರಾ ತಿರುಗಾಮುರುಗಾ. ನೆಲ್ಲುಹುಲ್ಲಿನಲ್ಲಿ ಪ್ರೋಟೀನು ಶೇ. 3–4 ಇದ್ದರೆ ದೊಡ್ಡದು. ಹೊಟ್ಟೆಯ ಜೀವಿಗಳಿಗೆ ಶೇ. 7 ಆದರೂ ಬೇಕು. ಅವೇ ಉಪವಾಸ ಇದ್ದರೆ ಮಣಕ ಹೊಟ್ಟೆ ತುಂಬ ತಿಂದರೂ ಎಲುಬು ಕಾಣುತ್ತದೆ. ಆ ಜೀವಿಗಳನ್ನು ಚುರುಕು ಮಾಡುವ ಯೀಸ್ಟನ್ನು ಅಲ್ಲಿಗೆ ಹಾಕುವುದೆಂದರೆ ಒಲೆಯಲ್ಲಿ ಕಟ್ಟಿಗೆಯೇ ಇಲ್ಲದೆ ಊದುಗೊಳವಿ ಕೊಂಡ ಹಾಗೆ. ಪ್ಯಾಕೆಟ್ಟಿನ ರೊಕ್ಕದಲ್ಲಿ ಖನಿಜ ಮಿಶ್ರಣ ತಂದಿದ್ದರೂ ನಾನು ಸುಮ್ನೆ ಇರುತ್ತಿದ್ದೆ.

ಆ ಕೊರತೆ ತುಂಬಲು ಹುಲ್ಲಿಗೆ ಯೂರಿಯಾ ಉಪಚಾರ ಮಾಡುವುದು ಹೊಸ ವಿದ್ಯೆಯೇನಲ್ಲ. ನೂರು ಕಿಲೋ ಒಣಹುಲ್ಲಿಗೆ 4 ಕಿಲೋ ಯೂರಿಯಾ. ಐವತ್ತು ಲೀಟರ್ ನೀರಿನಲ್ಲಿ ಒಂದು ಹರಳೂ ಉಳಿಯದಂತೆ ಕದಡಬೇಕು. ಒಂದು ಪದರ ಹುಲ್ಲು ಹಾಸಿ, ಚಿಮುಕಿಸಿ, ತುಳಿದು, ಮತ್ತೊಂದು ಪದರ. ಗಾಳಿಯಾಡದ ಹಾಗೆ ತಾಡಪತ್ರಿ ಮುಚ್ಚಿ 21 ದಿನ ಬಿಡುವುದು. ತೆಗೆದಾಗ ಹುಲ್ಲು ಮೆತ್ತಗಾಗಿ ಹಳದಿ-ಕಂದಾಗಿರುತ್ತದೆ, ಪ್ರೋಟೀನೂ ಹೆಚ್ಚುಕಮ್ಮಿ ಎರಡು ಪಟ್ಟಾಗಿರುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಮಾತ್ರ ಬೇಡ, ಅವುಗಳ ದೊಡ್ಡ ಹೊಟ್ಟೆ ಇನ್ನೂ ತಯಾರಾಗಿರುವುದಿಲ್ಲ.

ಯೂರಿಯಾ ಅಂದ ಕೂಡಲೇ ಅಣ್ಣ ಹೆದರಿದ. ಕಾರಣ ಇದೆ. ನಾವು ಸಣ್ಣವರಿದ್ದಾಗ ಪಕ್ಕದ ಮನೆಯ ಎತ್ತೊಂದು ಹೊಲಕ್ಕೆ ಕಲಸಿಟ್ಟಿದ್ದ ಯೂರಿಯಾ ನೀರು ಕುಡಿದಿತ್ತು. ಹೊಟ್ಟೆ ಉಬ್ಬಿ, ಮೈ ನಡುಗಿ, ಹೊತ್ತು ಮುಳುಗುವುದರೊಳಗೆ ಸತ್ತಿತು. ಅಮೋನಿಯಾ ಒಮ್ಮೆಲೇ ರಕ್ತಕ್ಕೆ ಏರಿದರೆ ಹಾಗೇ ಆಗುವುದು. ಅದಕ್ಕೇ ಅಳತೆ, ಅದಕ್ಕೇ 21 ದಿನ. ಗ್ವಾದಲಿಯಲ್ಲಿ ಯೂರಿಯಾ ಉದುರಿಸುವ ಕೆಲಸ ಬೇಡವೇ ಬೇಡ ಅಂತ ಮೂರು ಸಲ ಹೇಳಿದೆ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಕಾರಟಗಿ, ಸಿಂಧನೂರು ದಾರಿಯಲ್ಲಿ ಮಷೀನು ಕೊಯ್ದ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಹಚ್ಚುತ್ತಾರೆ. ಕಾಲುವೆ ನೀರು ಕಾಣದ ಕುಷ್ಟಗಿ ಕಡೆಯವರು ಶೇಂಗಾ ಹೊಟ್ಟು, ತೊಗರಿ ಹೊಟ್ಟನ್ನು ಚೀಲ ಕಟ್ಟಿ ಕಾಪಾಡುತ್ತಾರೆ. ಶೇಂಗಾ ಹೊಟ್ಟಿನಲ್ಲಿ ನೆಲ್ಲುಹುಲ್ಲಿಗಿಂತ ಪ್ರೋಟೀನು ಎಷ್ಟೋ ಜಾಸ್ತಿ. ಕಾಲುವೆ ಬಂದು ನಮ್ಮ ಹೊಟ್ಟೆ ತುಂಬಿತು, ದನದ ಊಟ ಕೆಟ್ಟಿತು.

ಅಣ್ಣ ಬೈದುಕೊಂಡೇ ಐವತ್ತು ಕಿಲೋ ಹುಲ್ಲು ಮುಚ್ಚಿಟ್ಟ. ಇಪ್ಪತ್ತೆರಡನೇ ದಿನ ಫೋನು. "ನಿನ್ನ ಹುಲ್ಲಿನ ಘಾಟಿಗೆ ಎಮ್ಮಿ ಮೂತಿ ತಿರುವೇತಿ ನೋಡು." ತೆಗೆದ ಕೂಡಲೇ ಹಾಕಿದ್ದನಂತೆ. ಒಂದೆರಡು ತಾಸು ಹರವಿ ಗಾಳಿಗೆ ಬಿಡಬೇಕು ಅಂತ ಹೇಳುವುದನ್ನೇ ನಾನು ಮರೆತಿದ್ದೆ. ಮರುದಿನ ವೈನಿ ಅಂಗಳದಲ್ಲಿ ಹರವಿ, ಹಳೇ ಹುಲ್ಲಿನ ಜತೆ ಬೆರೆಸಿ ಹಾಕಿದ್ದಾರೆ. ಎಮ್ಮೆ ಇನ್ನೂ ಮೂಸುತ್ತಲೇ ಇದೆಯಂತೆ. ಮಣಕಗಳು ಮಾತ್ರ ಗ್ವಾದಲಿ ನೆಕ್ಕಿವೆ.