ಗೆಲ್ಲುವ ತಂಡದ ಮೇಲೂ ಸಿಟ್ಟು ಬರುತ್ತದೆ

ಅಮೆರಿಕದ ಅಯೋವಾ ರಾಜ್ಯದಲ್ಲಿ ಶನಿವಾರ ಅಂದರೆ ಅಮೆರಿಕನ್ ಫುಟ್‌ಬಾಲ್. ಸೆಪ್ಟೆಂಬರ್‌ನಿಂದ ನವೆಂಬರ್ ಕೊನೆಯವರೆಗೆ ಇಲ್ಲಿ ಮದುವೆ ಇಟ್ಟುಕೊಳ್ಳುವವರೂ ಮೊದಲು ಅಯೋವಾ ಯೂನಿವರ್ಸಿಟಿಯ ಹಾಕ್‌ಐಸ್ ತಂಡದ ವೇಳಾಪಟ್ಟಿ ನೋಡುತ್ತಾರೆ. ನಾವು ನಾಲ್ಕು ಕನ್ನಡದ ಮನೆಯವರು ರಾಜ್ಯೋತ್ಸವಕ್ಕೆ ಸೇರಬೇಕಾದರೂ ಅಷ್ಟೆ. ಆಟ ಇರುವ ದಿನ ಅಯೋವಾ ಸಿಟಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಊರಿನ ಜನಸಂಖ್ಯೆ ಸುಮಾರು 75 ಸಾವಿರ. ಕಿನ್ನಿಕ್ ಸ್ಟೇಡಿಯಂನಲ್ಲಿ ಕೂರುವವರು ಸುಮಾರು 69 ಸಾವಿರ! ಈ ರಾಜ್ಯಕ್ಕೆ ಎನ್‌ಎಫ್‌ಎಲ್ (ದೇಶದ ವೃತ್ತಿಪರ ಲೀಗ್) ತಂಡವಿಲ್ಲ. ಯೂನಿವರ್ಸಿಟಿ ಹುಡುಗರ ತಂಡವೇ ಜನರ ಪಾಲಿಗೆ ಎಲ್ಲ.

ಆಟದ ಮೊದಲ ಕಾಲು ಭಾಗ, ಅಂದರೆ ಮೊದಲ ಕ್ವಾರ್ಟರ್ ಮುಗಿದ ಕೂಡಲೇ ಅಷ್ಟೂ ಜನ ಎದ್ದು, ಪಕ್ಕದಲ್ಲೇ ಇರುವ ಮಕ್ಕಳ ಆಸ್ಪತ್ರೆಯ ಕಡೆ ತಿರುಗಿ ಕೈಬೀಸುತ್ತಾರೆ. ಮೇಲಿನ ಮಹಡಿಯ ಕಿಟಕಿಗಳಿಂದ ಮಕ್ಕಳೂ ಕೈಬೀಸುತ್ತಾರೆ. 2017ರಿಂದ ಇದು ನಡೆದುಬಂದಿದೆ. ಎದುರು ತಂಡದವರೂ ಸೇರಿಕೊಳ್ಳುತ್ತಾರೆ. ಇದನ್ನು ಹೇಳಲು ಕಾರಣವಿದೆ. ನಾನು ಮುಂದೆ ಹೇಳಹೊರಟಿರುವುದು ಇದೇ ಜನರ ಸಿಟ್ಟಿನ ವಿಷಯ. ಅವರು ಜಗಳಗಂಟರಲ್ಲ ಅನ್ನುವುದು ಮೊದಲು ಗೊತ್ತಿರಲಿ.

ಈ ಆಟ ನೋಡದವರಿಗೆ ಸ್ವಲ್ಪ ವಿವರ. ಚೆಂಡು ಯಾರ ಕೈಯಲ್ಲಿದೆಯೋ ಆ ತಂಡಕ್ಕೆ ನಾಲ್ಕು ಅವಕಾಶ. ಅಷ್ಟರಲ್ಲಿ 10 ಯಾರ್ಡ್ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತದೆ. ಮೂರರಲ್ಲಿ ಆಗದಿದ್ದರೆ, ಸಾಮಾನ್ಯವಾಗಿ ನಾಲ್ಕನೆಯದರಲ್ಲಿ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಕೊಟ್ಟುಬಿಡುತ್ತಾರೆ. ಅದೇ ಪಂಟ್. ಆಕ್ರಮಣಕ್ಕೆ ಬೇರೆ ಹನ್ನೊಂದು ಜನ, ರಕ್ಷಣೆಗೆ ಬೇರೆ ಹನ್ನೊಂದು ಜನ. ಆಕ್ರಮಣದ ಪ್ಲಾನ್ ಮಾಡಲು ಹೆಡ್ ಕೋಚ್ ಕೆಳಗೆ ಆಫೆನ್ಸಿವ್ ಕೋಆರ್ಡಿನೇಟರ್ ಅಂತ ಒಬ್ಬರಿರುತ್ತಾರೆ.

ಅಯೋವಾದ ಹೆಡ್ ಕೋಚ್ ಕರ್ಕ್ ಫೆರೆಂಟ್ಜ್. 1999ರಿಂದ ಅವರೇ. ಅವರಿಗಿಂತ ಮುಂಚೆ 1979ರಿಂದ ಇದ್ದವರು ಹೇಡನ್ ಫ್ರೈ. ನಲವತ್ತು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಇಬ್ಬರೇ ಕೋಚ್! 2017ರಿಂದ 2023ರವರೆಗೆ ಆಕ್ರಮಣ ನೋಡಿಕೊಂಡವರು ಬ್ರಯನ್ ಫೆರೆಂಟ್ಜ್, ಕರ್ಕ್ ಅವರ ಮಗ.

2022ರ ಸೀಸನ್‌ನ ಮೊದಲ ಆಟ ಸೌತ್ ಡಕೋಟಾ ಸ್ಟೇಟ್ ಜೊತೆ. ಅದು ಒಂದು ದರ್ಜೆ ಕೆಳಗಿನ ತಂಡ. ಅಯೋವಾ 7-3ರಿಂದ ಗೆದ್ದಿತು. ಏಳು ಅಂಕ ಅಂದರೆ ಒಂದು ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲಿನ ಜಾಗಕ್ಕೆ ಒಯ್ಯುವುದು) ಇರಬೇಕು ಅಂದುಕೊಳ್ಳುತ್ತೀರಿ, ಅಲ್ವಾ? ಇರಲಿಲ್ಲ. ಚೆಂಡನ್ನು ಕಂಬಗಳ ನಡುವೆ ಒದ್ದು ಹಾಕುವ ಒಂದು ಫೀಲ್ಡ್ ಗೋಲಿಗೆ ಮೂರು. ಉಳಿದ ನಾಲ್ಕು ಅಂಕ ಎರಡು ಸೇಫ್ಟಿಯಿಂದ ಬಂದದ್ದು. ಎದುರಾಳಿಯನ್ನು ಅವರದೇ ಗೋಲಿನ ಜಾಗದಲ್ಲಿ ಕೆಡವಿದರೆ ಎರಡು ಅಂಕ ಸಿಗುತ್ತದೆ. ಅದನ್ನು ತಂದುಕೊಟ್ಟವರು ರಕ್ಷಣೆಯ ಹುಡುಗರು. ಆಕ್ರಮಣದವರು ಇಡೀ ಆಟದಲ್ಲಿ ಮುಂದೆ ಸಾಗಿದ್ದು 166 ಯಾರ್ಡ್. ಪಂಟ್ ಮಾಡಿದ್ದು ಹತ್ತು ಸಲ.

ಆ ವರ್ಷಗಳಲ್ಲಿ ಸ್ಟೇಡಿಯಂನಲ್ಲಿ ಕೂತು ಮತ್ತೆ ಮತ್ತೆ ನೋಡಿದ ಒಂದು ಕ್ಷಣ ಹೀಗಿರುತ್ತಿತ್ತು. ಮೂರನೇ ಅವಕಾಶ, ಇನ್ನೂ ಎಂಟು ಯಾರ್ಡ್ ಬೇಕು. ಚೆಂಡು ಎಸೆಯುವ ಹೊಣೆಯ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್, ಚೆಂಡು ಹಿಡಿದು ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಎಸೆಯುವುದು ಎಲ್ಲಿಗೆ? ಮೂರು ಯಾರ್ಡ್ ಆಚೆ ನಿಂತವನಿಗೆ. ಅವನು ಹಿಡಿದ ತಕ್ಷಣ ಇಬ್ಬರು ಬಂದು ಬೀಳಿಸುತ್ತಾರೆ. ಗುರಿ ಇನ್ನೂ ಐದು ಯಾರ್ಡ್ ಆಚೆ. ನನ್ನ ಪಕ್ಕದ ಸೀಟಿನಲ್ಲಿ ಮುಸುಕಿನ ಜೋಳ ಬೆಳೆಯುವ ಒಬ್ಬ ವಯಸ್ಸಾದ ರೈತರು ಕೂರುತ್ತಿದ್ದರು. ಕಿವಿಗೆ ರೇಡಿಯೋ ಹಾಕಿಕೊಂಡಿರುತ್ತಿದ್ದರು. ಕೂಗುವವರಲ್ಲ, ಬಯ್ಯುವವರಲ್ಲ. ಟೋಪಿ ತೆಗೆದು, ತಲೆ ಸವರಿಕೊಂಡು, ಮತ್ತೆ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಪಂಟರ್ ಟೋರಿ ಟೇಲರ್ ಮೈದಾನಕ್ಕೆ ಓಡಿ ಬಂದರೆ ಇಡೀ ಸ್ಟೇಡಿಯಂ ಚಪ್ಪಾಳೆ ಹೊಡೆಯುತ್ತಿತ್ತು. ಈ ಪಂಟರ್ ಮೆಲ್ಬರ್ನ್‌ನ ಹುಡುಗ, ಆಸ್ಟ್ರೇಲಿಯನ್ ಫುಟ್‌ಬಾಲ್ ಆಡಿ ಬೆಳೆದವನು. 2023ರಲ್ಲಿ ಒಂದೇ ಸೀಸನ್‌ನಲ್ಲಿ 4,479 ಯಾರ್ಡ್ ಪಂಟ್ ಮಾಡಿ, 1938ರಿಂದ ಉಳಿದಿದ್ದ ಕಾಲೇಜು ದಾಖಲೆ ಮುರಿದ. ಹುಡುಗನ ಕಾಲಿಗೆ ಎಷ್ಟು ಹೊಗಳಿದರೂ ಸಾಲದು. ಆದರೆ ಆ ದಾಖಲೆ ಅರ್ಧ ಆಕ್ರಮಣದ ಸೋಲಿನ ಲೆಕ್ಕವೂ ಹೌದು. ಮುಂದೆ ಹೋಗಲಾರದ ತಂಡಕ್ಕೇ ಅಷ್ಟು ಸಲ ಒದೆಯುವ ಅವಕಾಶ ಸಿಗುವುದು.

ಕರ್ಕ್ ಅವರ ಯೋಚನೆಯಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಚೆಂಡು ಕಳೆದುಕೊಳ್ಳಬೇಡ. ಓಡಿ ಸಮಯ ಕಳೆ. ಒದ್ದು ಎದುರಾಳಿಯನ್ನು ಮೂಲೆಗೆ ತಳ್ಳು. ರಕ್ಷಣೆಯ ಕೋಚ್ ಫಿಲ್ ಪಾರ್ಕರ್ ಕಟ್ಟಿದ ಪಡೆ ಅವರನ್ನು ಅಲ್ಲೇ ತಡೆಯುತ್ತದೆ. ಅವರು ತಪ್ಪು ಮಾಡಲಿ ಅಂತ ಕಾಯಿ. ದೊಡ್ಡ ದೊಡ್ಡ ಸ್ಟಾರ್ ಹುಡುಗರು ಜೋಳದ ಹೊಲದ ನಡುವಿನ ಈ ಊರಿಗೆ ಸುಲಭವಾಗಿ ಬರುವುದಿಲ್ಲ. ಇರುವ ಹುಡುಗರನ್ನು ತಿದ್ದಿ ಬೆಳೆಸಬೇಕು. ಅದರಲ್ಲಿ ಇವರನ್ನು ಮೀರಿಸಿದವರು ಕಡಿಮೆ. ಎನ್‌ಎಫ್‌ಎಲ್ ಸ್ಟಾರ್ ಜಾರ್ಜ್ ಕಿಟಲ್ ಇಲ್ಲಿಂದ ಹೋದವರೇ. 2019ರಲ್ಲಿ ಟಿ.ಜೆ. ಹಾಕೆನ್ಸನ್, ನೋವಾ ಫ್ಯಾಂಟ್ ಇಬ್ಬರೂ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಆಯ್ಕೆಯಾದರು. ಒಂದೇ ಕಾಲೇಜಿನ ಇಬ್ಬರು ಟೈಟ್ ಎಂಡ್‌ಗಳು (ಎದುರಾಳಿಯನ್ನು ಅಡ್ಡಗಟ್ಟುವ, ಎಸೆತವನ್ನೂ ಹಿಡಿಯುವ ಆಟಗಾರರು) ಹಾಗೆ ಹೋದದ್ದು ಅದೇ ಮೊದಲು.

ಹಾಗಾದರೆ ಜನ ಸಿಟ್ಟಾದದ್ದು ಏಕೆ? ನಿಧಾನವಾಗಿ ಆಡಿದ್ದಕ್ಕಲ್ಲ. ಅದನ್ನು ಅವರು ಇಪ್ಪತ್ತು ವರ್ಷ ಪ್ರೀತಿಯಿಂದ ನೋಡಿದ್ದಾರೆ. ಆ ನಿಧಾನದ ಆಟವೂ ಕೆಟ್ಟುಹೋಗಿತ್ತು, ಅದಕ್ಕೆ. 2022ರಲ್ಲಿ ಸರಾಸರಿ 17.7 ಅಂಕ. 2023ರಲ್ಲಿ 15.4, ಯಾರ್ಡ್ ಲೆಕ್ಕದಲ್ಲಿ ದೇಶದ ಮೇಲ್ದರ್ಜೆಯ ತಂಡಗಳಲ್ಲೇ ಕೊನೆಯ ಸ್ಥಾನ. 2023ರಲ್ಲಿ ಕ್ವಾರ್ಟರ್‌ಬ್ಯಾಕ್ ಕೇಡ್ ಮ್ಯಾಕ್‌ನಮಾರಾ ಮೊಣಕಾಲು ಪೆಟ್ಟಾಗಿ ಹೊರಗೆ ಉಳಿದರು. ಒಳ್ಳೆಯ ಟೈಟ್ ಎಂಡ್‌ಗಳಿಗೂ ಪೆಟ್ಟಾಯಿತು. ಅದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಆದರೆ ಪೆನ್ ಸ್ಟೇಟ್ ವಿರುದ್ಧ 31-0ರಿಂದ ಸೋತು ಬರೀ 76 ಯಾರ್ಡ್ ಸಾಗಿದಾಗ ಮ್ಯಾಕ್‌ನಮಾರಾ ಇನ್ನೂ ಆಡುತ್ತಿದ್ದರು. ಅಷ್ಟಾದರೂ ತಂಡ ಆ ವರ್ಷ ಹತ್ತು ಆಟ ಗೆದ್ದಿತು! ಗೆಲುವೇ ತಪ್ಪನ್ನು ಮುಚ್ಚಿತು. ಇದನ್ನು ಅಭಿಮಾನಿಗಳು ಕೋಚ್‌ಗಿಂತ ಮೊದಲೇ ಕಂಡುಕೊಂಡರು.

ಇಲ್ಲಿ ನನಗೆ ನಮ್ಮ ಆರ್‌ಸಿಬಿ ನೆನಪಾಗದೆ ಇರುವುದಿಲ್ಲ. ನಮ್ಮದು ತಿರುಗಾಮುರುಗಾ. ಬ್ಯಾಟಿಂಗ್ ಬೆಟ್ಟದಷ್ಟು, ಬೌಲಿಂಗ್ ಇಲ್ಲ. 2013ರಲ್ಲಿ 263 ರನ್, ಅದರಲ್ಲಿ ಗೇಯ್ಲ್ ಒಬ್ಬರದೇ 175. 2016ರಲ್ಲಿ ಕೊಹ್ಲಿ 973 ರನ್ ಹೊಡೆದರೂ ಚಿನ್ನಸ್ವಾಮಿಯಲ್ಲೇ ನಡೆದ ಫೈನಲ್‌ನಲ್ಲಿ ಹೈದರಾಬಾದ್ 208 ಹೊಡೆಯಿತು, ನಾವು 200ಕ್ಕೆ ನಿಂತೆವು. ಕೊನೆಯ ಓವರ್‌ಗಳನ್ನು ಹಾಕುವವರು ಯಾರು ಅನ್ನುವ ಪ್ರಶ್ನೆ ವರ್ಷ ವರ್ಷವೂ ಹಾಗೇ ಉಳಿಯಿತು. ಅಲ್ಲೂ ಒಂದು ಭಾಗದ ಹೊಳಪು ಇನ್ನೊಂದು ಭಾಗದ ಬಡತನವನ್ನು ಮುಚ್ಚಿತ್ತು. ಅಯೋವಾದಲ್ಲಿ ರಕ್ಷಣೆಯ ಹುಡುಗರು ಹೊತ್ತ ಭಾರವನ್ನು ಬೆಂಗಳೂರಿನಲ್ಲಿ ಕೊಹ್ಲಿ, ಡಿ ವಿಲಿಯರ್ಸ್ ಹೊತ್ತರು.

ಆದರೆ ನಾವು ಮಾಡಿದ್ದೇನು? 2008ರ ಮೊದಲ ಸೀಸನ್ ನೆನೆಸಿಕೊಳ್ಳಿ. ದ್ರಾವಿಡ್ ನಾಯಕ. ಟೆಸ್ಟ್ ಆಡುವವರ ತಂಡ ಕಟ್ಟಿದ್ದಾರೆ ಅಂತ ಎಲ್ಲರೂ ಆಡಿಕೊಂಡರು. ಸೀಸನ್ ಮಧ್ಯದಲ್ಲೇ ಸಿಇಒ ಚಾರು ಶರ್ಮಾ ಹುದ್ದೆ ಬಿಡಬೇಕಾಯಿತು. ಮುಂದಿನ ವರ್ಷಕ್ಕೆ ನಾಯಕ ಬದಲು. ಆಮೇಲೆ ಕೋಚ್‌ಗಳ ಸಾಲು: ಜೆನ್ನಿಂಗ್ಸ್, ವೆಟೋರಿ, ಕರ್ಸ್ಟನ್, ಕ್ಯಾಟಿಚ್, ಬಂಗಾರ್. 2025ರಲ್ಲಿ ಆ್ಯಂಡಿ ಫ್ಲವರ್ ಕಾಲದಲ್ಲಿ ಕಪ್ ಬರುವಷ್ಟರಲ್ಲಿ ಇಷ್ಟು ಜನ ಬಂದು ಹೋಗಿದ್ದರು. ನಮ್ಮ ಅಭಿಮಾನಿಗಳಿಗೆ ತಂಡದ ಮೇಲೆ ಇರುವ ತಾಳ್ಮೆಗೆ ಸಾಟಿ ಇಲ್ಲ. ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಅಂದರು, ಮನಸಾರೆ ಅಂದರು. ಕೋಚ್ ಮೇಲೆ ಮಾತ್ರ ಯಾರಿಗೂ ತಾಳ್ಮೆ ಇರಲಿಲ್ಲ. ಸೋತರೆ ಒಬ್ಬರ ತಲೆ ಬೇಕು. ಗೆದ್ದರೆ ಎಲ್ಲ ಸರಿಹೋಯಿತು ಅಂತ ಸುಮ್ನೆ ಆಗಿಬಿಡುತ್ತೇವೆ.

ಅಯೋವಾದಲ್ಲಿ ಕರ್ಕ್ ಬಂದ ಮೊದಲ ವರ್ಷ ಗೆದ್ದದ್ದು ಒಂದೇ ಆಟ, ಸೋತದ್ದು ಹತ್ತು. ಎರಡನೇ ವರ್ಷ ಮೂರು ಗೆಲುವು, ಒಂಬತ್ತು ಸೋಲು. ನಮ್ಮಲ್ಲಾಗಿದ್ದರೆ ಆ ಮನುಷ್ಯ ಮೂರನೇ ವರ್ಷ ಕಾಣುತ್ತಿದ್ದರೇ? ಇಲ್ಲಿ ಉಳಿಸಿಕೊಂಡರು. 2002ರಲ್ಲಿ ತಂಡ 11 ಆಟ ಗೆದ್ದಿತು, ಬಿಗ್ ಟೆನ್ ಅನ್ನುವ ತನ್ನ ಲೀಗ್‌ನಲ್ಲಿ ಒಂದೂ ಸೋಲಲಿಲ್ಲ. ಈ ತಾಳ್ಮೆಯನ್ನು ನಾನು ತುಂಬ ಮೆಚ್ಚುತ್ತೇನೆ. ನಮ್ಮ ಕ್ಲಬ್‌ಗಳಿಗೆ, ನಮ್ಮ ಕ್ರೀಡಾ ಸಂಸ್ಥೆಗಳಿಗೆ ಇದರ ಒಂದು ಪಾಲಾದರೂ ಬರಲಿ ಅನ್ನಿಸುತ್ತದೆ.

ಆದರೆ ಅದೇ ತಾಳ್ಮೆ ಮಗನ ವಿಷಯದಲ್ಲಿ ತಪ್ಪು ದಾರಿ ಹಿಡಿಯಿತು. ಸಂಬಂಧಿಕರನ್ನು ನೇರ ಕೈಕೆಳಗೆ ಇಟ್ಟುಕೊಳ್ಳಬಾರದು ಅನ್ನುವ ನಿಯಮವಿದ್ದುದರಿಂದ, ಕಾಗದದ ಮೇಲೆ ಬ್ರಯನ್ ಅವರ ಮೇಲಧಿಕಾರಿ ಅಪ್ಪನಲ್ಲ, ಯೂನಿವರ್ಸಿಟಿಯ ಅಥ್ಲೆಟಿಕ್ ಡೈರೆಕ್ಟರ್. ದಿನಾ ಕೂತು ಪ್ಲಾನ್ ಮಾಡುವುದು ಮಾತ್ರ ಅಪ್ಪನ ಜೊತೆಗೆ. ಹಾಗಿರುವಾಗ ಆಟ ಸರಿಯಿಲ್ಲ ಅಂದವರ ಮಾತು ಮನೆಯವರನ್ನು ಬೈದಂತೆ ಕೇಳಿಸುತ್ತದೆ. ನನ್ನ ಪಕ್ಕದ ರೈತರಂಥವರು ಬಾಯಿ ಬಿಡದೆ ಇದ್ದದ್ದಕ್ಕೆ ಇದೂ ಒಂದು ಕಾರಣ. ಇಪ್ಪತ್ತು ವರ್ಷ ದುಡಿದ ಹಿರಿಯರ ಮನಸ್ಸು ನೋಯಿಸಬಾರದು ಅನ್ನುವ ಸಂಕೋಚ. ರೋಜರ್ ಬಿನ್ನಿ ಆಯ್ಕೆ ಸಮಿತಿಯಲ್ಲಿದ್ದಾಗ, ಸ್ಟುವರ್ಟ್ ಹೆಸರು ಬಂದರೆ ತಾವು ಎದ್ದು ಹೊರಗೆ ಹೋಗುತ್ತಿದ್ದರು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅಷ್ಟಾದರೂ ಜನ ಮಾತಾಡಿಕೊಂಡರು. ಮಗ ಬಾಂಗ್ಲಾದೇಶದಲ್ಲಿ 4 ರನ್ನಿಗೆ 6 ವಿಕೆಟ್ ತೆಗೆದ ಮೇಲೂ ಮಾತು ನಿಲ್ಲಲಿಲ್ಲ. ಅಪ್ಪ ಕೋಣೆಯಿಂದ ಹೊರಗೆ ಹೋದಾಗಲೇ ಹೀಗಾದರೆ, ಅಪ್ಪ–ಮಗ ಒಂದೇ ಕೋಣೆಯಲ್ಲಿ ಕೂತು ತಂಡ ನಡೆಸಿದರೆ ಆ ಮಗನಿಗೂ ಎಷ್ಟು ಕಷ್ಟ!

2023ರ ಶುರುವಿನಲ್ಲಿ ಯೂನಿವರ್ಸಿಟಿ ಒಂದು ದಾರಿ ಹುಡುಕಿತು. ಬ್ರಯನ್ ಅವರ ಸಂಬಳದಲ್ಲಿ 50 ಸಾವಿರ ಡಾಲರ್ ಕಡಿತ. ಜೊತೆಗೆ ಎರಡು ಷರತ್ತು: ತಂಡ ಕನಿಷ್ಠ ಏಳು ಆಟ ಗೆಲ್ಲಬೇಕು, ಪ್ರತಿ ಆಟಕ್ಕೆ ಸರಾಸರಿ 25 ಅಂಕ ಬರಬೇಕು. ನನಗೆ ಅತಿ ಬೇಸರ ತಂದದ್ದು ಈ ಕರಾರು. ಆ 25ರಲ್ಲಿ ರಕ್ಷಣೆಯವರು ತಂದ ಅಂಕವೂ ಸೇರುತ್ತಿತ್ತು, ಒದೆತದ ಆಟದಿಂದ ಬಂದ ಅಂಕವೂ ಸೇರುತ್ತಿತ್ತು. ಅಂದರೆ ಕೆಟ್ಟಿರುವ ಭಾಗ ಹಾಗೇ ಇದ್ದು, ಚೆನ್ನಾಗಿರುವ ಭಾಗ ಇನ್ನಷ್ಟು ದುಡಿದರೂ ಪಾಸಾಗಬಹುದಿತ್ತು. ಓಟದ ಆಟ ಏಕೆ ಸಾಗುತ್ತಿಲ್ಲ, ಎಸೆತ ಏಕೆ ಗುರಿಗಿಂತ ಹಿಂದೆಯೇ ಬೀಳುತ್ತಿದೆ, ಎದುರಾಳಿಗಳು ಮುಂದಿನ ಆಟವನ್ನು ಅಷ್ಟು ಸುಲಭವಾಗಿ ಊಹಿಸುತ್ತಿರುವುದು ಹೇಗೆ? ಈ ಪ್ರಶ್ನೆಗಳಿಗೆ ಆ ಕಾಗದದಲ್ಲಿ ಜಾಗವೇ ಇರಲಿಲ್ಲ. ಪ್ರತಿ ಶನಿವಾರ ಜನ ಆಟ ನೋಡುವುದು ಬಿಟ್ಟು 25ರ ಲೆಕ್ಕ ಹಾಕುತ್ತಾ ಕೂತರು.

ಅಕ್ಟೋಬರ್ 21ರಂದು ಮಿನೆಸೋಟಾ ವಿರುದ್ಧ 12-10ರ ಸೋಲು. ಕೂಪರ್ ಡಿಜೀನ್ ಕೊನೆಯಲ್ಲಿ ಪಂಟ್ ಹಿಡಿದು ಓಡಿ ಟಚ್‌ಡೌನ್ ಮಾಡಿದ್ದ. ಚೆಂಡು ಹಿಡಿದು ಓಡುವುದಿಲ್ಲ ಅನ್ನುವಂತೆ ಕಂಡ ಅವನ ಕೈಸನ್ನೆಯ ಕಾರಣಕ್ಕೆ ಅಂಪೈರ್‌ಗಳು ಅದನ್ನು ರದ್ದು ಮಾಡಿದರು. ಊರೆಲ್ಲ ಅಂಪೈರ್‌ಗಳನ್ನು ಬೈಯಿತು. ಆದರೆ ಆಕ್ರಮಣದವರು ಇಡೀ ಆಟದಲ್ಲಿ ಸಾಗಿದ್ದು 127 ಯಾರ್ಡ್. ಅಕ್ಟೋಬರ್ 30ರಂದು ಹಂಗಾಮಿ ಅಥ್ಲೆಟಿಕ್ ಡೈರೆಕ್ಟರ್ ಬೆತ್ ಗೆಟ್ಜ್, ಸೀಸನ್ ಮುಗಿದ ಮೇಲೆ ಬ್ರಯನ್ ಇರುವುದಿಲ್ಲ ಅಂತ ಪ್ರಕಟಿಸಿದರು. ತಂಡ ಆಗ ಆರು ಗೆದ್ದು ಎರಡು ಸೋತಿತ್ತು. ಕರ್ಕ್ ಅವರಿಗೆ ಆ ಹೊತ್ತಿನಲ್ಲಿ ಹೇಳಿದ್ದು ಹಿಡಿಸಲಿಲ್ಲ. ಇಂಥ ಮಾತು ಸೀಸನ್ ಮುಗಿದ ಮೇಲೆ ಆಡುವುದು ತಮ್ಮ ರೂಢಿ ಅಂದರು. ತಂಡ ಲೀಗ್‌ನ ಫೈನಲ್ ತನಕ ಹೋಗಿ ಮಿಷಿಗನ್ ಎದುರು 26-0, ಹೊಸ ವರ್ಷದ ದಿನ ಟೆನೆಸಿ ಎದುರು 35-0 ಸೋತಿತು. ಕೊನೆಯ ಎರಡು ಆಟದಲ್ಲಿ ಒಂದು ಅಂಕವೂ ಇಲ್ಲ. ರಕ್ಷಣೆಯ ಹುಡುಗರ ಮುಖ ನೋಡಲಾಗುತ್ತಿರಲಿಲ್ಲ.

2024ಕ್ಕೆ ಬ್ರಯನ್ ಜಾಗಕ್ಕೆ ಟಿಮ್ ಲೆಸ್ಟರ್ ಬಂದರು. ಓಟದ ಆಟವೇ ಮುಂದುವರಿಯಿತು, ಕೋಚ್ ಕರ್ಕ್ ಅವರೇ. ಆದರೆ ಚೆಂಡು ಆಟಕ್ಕೆ ಬರುವ ಮೊದಲೇ ಆಟಗಾರರು ಜಾಗ ಬದಲಿಸತೊಡಗಿದರು. ಎದುರಾಳಿಗೆ ಊಹಿಸುವುದು ಕಷ್ಟವಾಯಿತು. ಕೇಲೆಬ್ ಜಾನ್ಸನ್ ಒಬ್ಬನೇ 1,537 ಯಾರ್ಡ್ ಓಡಿದ. ಹಿಂದಿನ ಎರಡು ವರ್ಷವೂ ಅವನು ಇದೇ ತಂಡದಲ್ಲಿ ಇದ್ದ ಹುಡುಗ! ಹೆಡ್ ಕೋಚ್ ಬದಲಾಗಬೇಕಿರಲಿಲ್ಲ, ಕೋಚ್‌ನ ನಂಬಿಕೆಯೂ ಬದಲಾಗಬೇಕಿರಲಿಲ್ಲ. ಆಟದ ಪ್ಲಾನ್ ಬೇರೆಯವರ ಕೈಗೆ ಹೋಗಬೇಕಿತ್ತು. ಇಷ್ಟನ್ನೇ ಅಭಿಮಾನಿಗಳು ಕೇಳಿದ್ದು. ಒಂದೆರಡು ವರ್ಷ ಮೊದಲೇ ಕೇಳಿದ್ದರು.

ಬೆಂಗಳೂರಿನಲ್ಲಿ ಆಟೋ ಹತ್ತಿದರೆ 19ನೇ ಓವರ್ ಯಾರಿಗೆ ಕೊಡಬೇಕಿತ್ತು ಅಂತ ಡ್ರೈವರ್ ಖಡಾಖಂಡಿತವಾಗಿ ಹೇಳುತ್ತಾರೆ. ಯಾವ ದೊಡ್ಡ ಹೆಸರಿಗೂ ಹೆದರುವುದಿಲ್ಲ. ಆ ಧೈರ್ಯ ಇಲ್ಲಿಯ ಜನಕ್ಕೆ ಸ್ವಲ್ಪ ಬೇಕಿತ್ತು. ಗೆದ್ದ ರಾತ್ರಿಯೂ ಆಟ ಹೇಗಿತ್ತು ಅಂತ ಕೇಳುವ ಇವರ ಅಭ್ಯಾಸ ನಮಗೆ ಬೇಕಿತ್ತು. 2016ರಲ್ಲಿ ಆರ್‌ಸಿಬಿ ಸಾಲಾಗಿ ಗೆದ್ದು ಫೈನಲ್‌ಗೆ ಹೋದಾಗ ಬೌಲಿಂಗ್ ಬಗ್ಗೆ ಮಾತೆತ್ತಿದವರನ್ನು ‘ಅಪಶಕುನ ನುಡಿಯಬೇಡಯ್ಯಾ’ ಅಂತ ಬಾಯಿ ಮುಚ್ಚಿಸಿದ್ದು ನಾವೇ ಅಲ್ವಾ?

2025ಕ್ಕೆ ಅಯೋವಾಕ್ಕೆ ಬಂದ ಕ್ವಾರ್ಟರ್‌ಬ್ಯಾಕ್ ಮಾರ್ಕ್ ಗ್ರೊನೌಸ್ಕಿ. 2022ರ ಆ 7-3ರ ಆಟದಲ್ಲಿ ಸೌತ್ ಡಕೋಟಾ ಸ್ಟೇಟ್ ಪರ ಆಡಿದ್ದ ಹುಡುಗನೇ ಇವನು. ಆ ಸೀಸನ್‌ನ ಸೆಪ್ಟೆಂಬರ್‌ನಲ್ಲಿ ಕರ್ಕ್ 206ನೇ ಗೆಲುವು ಕಂಡು, ಬಿಗ್ ಟೆನ್ ಕೋಚ್‌ಗಳಲ್ಲೇ ಅತಿ ಹೆಚ್ಚು ಗೆದ್ದವರಾಗಿ ವುಡಿ ಹೇಯ್ಸ್ ಅವರನ್ನು ದಾಟಿದರು. ಕಿನ್ನಿಕ್‌ನಲ್ಲಿ ಜನ ಎದ್ದು ನಿಂತು ಗೌರವ ಕೊಟ್ಟರು, ನಾನೂ ಮನಸಾರೆ ಚಪ್ಪಾಳೆ ಹೊಡೆದೆ. ಮುಂದಿನ ವಾರದ ಆಟದಲ್ಲಿ ಮೂರನೇ ಅವಕಾಶದ ಎಸೆತ ಗುರಿಗಿಂತ ಹಿಂದೆ ಬಿದ್ದರೆ ಅದನ್ನೂ ಗಟ್ಟಿಯಾಗಿ ಹೇಳುತ್ತೇನೆ.