ಬಾಣಂತಿ ಮದ್ದಿನ ಪೊಟ್ಟಣಕ್ಕೆ ಹೆಸರಿರಲಿ

ಮಗಳ ಹೆರಿಗೆಗೆಂದು ಮಂಗಳೂರಿನಿಂದ ದುಬೈಗೋ ದಮ್ಮಾಮಿಗೋ ಹೊರಡುವ ಅಮ್ಮಂದಿರ ಸೂಟ್‌ಕೇಸಿನಲ್ಲಿ ಅರ್ಧ ಜಾಗ ಬಾಣಂತಿ ಮದ್ದಿಗೇ ಹೋಗುತ್ತದೆ. ಮೆಂತೆ ಲೇಹ, ಕಷಾಯದ ಪುಡಿ, ಮೈಗೆ ಹಚ್ಚುವ ಧನ್ವಂತರ ತೈಲ, ಎರಡು ಬಾಟಲಿ ದಶಮೂಲಾರಿಷ್ಟ, ಮಗುವಿಗೆ ತೇಯಲು ಬಜೆಯ ತುಂಡು. ಒಯ್ಯಲೇಬೇಡಿ ಅನ್ನುವವರ ಪೈಕಿ ನಾನಲ್ಲ. ಹೆಸರಿಲ್ಲದ ಪೊಟ್ಟಣದಲ್ಲಿ ಒಯ್ಯಬೇಡಿ ಅನ್ನುತ್ತೇನೆ, ಅಷ್ಟೇ. ಹಳೇ ಹಾರ್ಲಿಕ್ಸ್ ಬಾಟಲಿಗೆ ತುಂಬಿದ ಕಂದು ಪುಡಿ ನಮಗೆ ಮದ್ದು. ಪರದೇಶದ ಕಸ್ಟಮ್ಸ್‌ನವರಿಗೆ ಅದು ಬರೀ ಕಂದು ಪುಡಿ.

ಮೊದಲು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಭದ್ರತಾ ತಪಾಸಣೆ. ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ ದ್ರವ ಪದಾರ್ಥದ ಒಂದೊಂದು ಬಾಟಲಿಯೂ 100 ಮಿ.ಲೀ. ಮೀರಬಾರದು. ಎಲ್ಲವೂ ಸೇರಿ ಒಂದು ಲೀಟರಿನ ಪಾರದರ್ಶಕ ಜಿಪ್ ಚೀಲದಲ್ಲಿ ಹಿಡಿಯಬೇಕು. ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತದೆ. ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆ, ಒಳಗಿರುವ ಎಣ್ಣೆಯ ಅಳತೆಯಲ್ಲ, 200 ಮಿ.ಲೀ. ಬಾಟಲಿಯ ತಳದಲ್ಲಿ ಎರಡು ಚಮಚ ತೈಲ ಉಳಿದಿದ್ದರೂ ಅದನ್ನು ಬಿಡುವುದಿಲ್ಲ. ಇನ್ನೊಂದು, ಲೇಹ ಗಟ್ಟಿ ಪದಾರ್ಥವೆಂದು ನಾವು ತಿಳಿದಿದ್ದೇವೆ. ತಪಾಸಣೆಯವರಿಗೆ ಲೇಹ, ಮುಲಾಮು, ತುಪ್ಪ ಎಲ್ಲವೂ ದ್ರವದ ಸಾಲಿಗೇ ಸೇರುತ್ತವೆ. ಎಕ್ಸ್‌ರೇ ಪರದೆಯಲ್ಲಿ ಸಾವಯವ ವಸ್ತುಗಳು ಕಿತ್ತಳೆ ಬಣ್ಣದಲ್ಲಿ ಕಾಣುವುದರಿಂದ ಒತ್ತಿ ತುಂಬಿದ ಪುಡಿಯ ಕಟ್ಟು, ಬೆಲ್ಲದ ಅಚ್ಚು, ಲೇಹದ ಡಬ್ಬಿ ಕಂಡೊಡನೆ ಚೀಲ ಬಿಚ್ಚಿಸುತ್ತಾರೆ. ಅಮೆರಿಕಕ್ಕೆ ಹೋಗುವವರ ಕೈಚೀಲದಲ್ಲಿ 350 ಮಿ.ಲೀ. ಅಳತೆ ಮೀರಿದ ಪುಡಿ ಇದ್ದರೆ ಇನ್ನೂ ಕಿರಿಕಿರಿ. ಹಾಗಾಗಿ ಇವೆಲ್ಲವೂ ಚೆಕ್-ಇನ್ ಬ್ಯಾಗಿಗೆ. ಪ್ರಯಾಣದ ಹೊತ್ತಿಗೆ ಬೇಕಾದ ಗುಳಿಗೆ ಮತ್ತು ವೈದ್ಯರ ಚೀಟಿ ಮಾತ್ರ ಕೈಚೀಲದಲ್ಲಿರಲಿ.

ಎಣ್ಣೆ ಸೋರುವುದಕ್ಕೆ ಸಾಮಾನು ಎಸೆಯುವವರನ್ನು ಬೈಯುತ್ತೇವೆ. ಅರ್ಧ ಕಾರಣ ಗಾಳಿ. ಮೇಲೆ ಹಾರುವಾಗ ವಿಮಾನದೊಳಗಿನ ಒತ್ತಡ 6,000ರಿಂದ 8,000 ಅಡಿ ಎತ್ತರದ ಗುಡ್ಡದಲ್ಲಿ ಇರುವಷ್ಟಕ್ಕೆ ಇಳಿಯುತ್ತದೆ, ಆಗ ಬಾಟಲಿಯೊಳಗಿನ ಗಾಳಿ ಮೂರನೇ ಒಂದರಷ್ಟು ಹಿಗ್ಗಿ ಎಣ್ಣೆಯನ್ನು ಮುಚ್ಚಳದ ಸಂದಿಗೆ ತಳ್ಳುತ್ತದೆ. ಸೀಲ್ ಒಡೆಯದ ಬಾಟಲಿಯನ್ನೇ ಒಯ್ಯಿರಿ. ಸೀಲ್ ಒಡೆದಿದ್ದರೆ, ಪ್ಲಾಸ್ಟಿಕ್ ಬಾಟಲಿಯನ್ನು ಮೆಲ್ಲನೆ ಹಿಂಡಿ ಗಾಳಿ ಹೊರಹಾಕಿ, ಬಾಯಿಗೆ ತೆಳು ಪ್ಲಾಸ್ಟಿಕ್ ಇಟ್ಟು ಮುಚ್ಚಳ ಬಿಗಿದು, ಸುತ್ತ ಟೇಪ್ ಹಾಕಿ. ಆಮೇಲೆ ಒಂದರೊಳಗೊಂದು ಎರಡು ಜಿಪ್ ಚೀಲ, ಅದರ ಮೇಲೆ ಹಳೇ ಬೈರಾಸು, ಸೂಟ್‌ಕೇಸಿನ ನಟ್ಟನಡುವೆ ಜಾಗ. ಲೇಹ ಪೂರ್ತಿ ಆರಿದ ಮೇಲೆಯೇ ಡಬ್ಬಿ ಮುಚ್ಚಬೇಕು. ಬಿಸಿ ಇರುವಾಗ ಮುಚ್ಚಿದರೆ ಮುಚ್ಚಳದಲ್ಲಿ ಬೆವರು ಕಟ್ಟಿ, ಬೂಷ್ಟು ಹಿಡಿಯುತ್ತದೆ.

ಕರ್ಪೂರ ಮತ್ತು ಕೊಬ್ಬರಿ ಬೇಡವೇ ಬೇಡ. ಕರ್ಪೂರ ಸುಲಭವಾಗಿ ಹೊತ್ತಿಕೊಳ್ಳುವ ಘನವಸ್ತು, ಒಣಕೊಬ್ಬರಿ ತಾನಾಗಿಯೇ ಬಿಸಿಯೇರುವ ವಸ್ತುಗಳ ಪಟ್ಟಿಯಲ್ಲಿದೆ. ಎಳೆ ಮಗುವಿರುವ ಮನೆಗೆ ಕರ್ಪೂರ ಒಯ್ಯುವುದು ಹೇಗೂ ಒಳ್ಳೆಯದಲ್ಲ, ಅದು ಮಕ್ಕಳಿಗೆ ವಿಷ.

ಇನ್ನು ಗಸಗಸೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಯುಎಇ, ಸೌದಿ, ಸಿಂಗಾಪುರಗಳಲ್ಲಿ ಗಸಗಸೆ ನಿಷಿದ್ಧ. ಅದು ಅಫೀಮಿನ ಗಿಡದ ಬೀಜ, ಅಲ್ಲಿನ ಕಾನೂನು ಅದನ್ನು ಮಾದಕ ವಸ್ತುವಿನ ಕಣ್ಣಿನಲ್ಲೇ ನೋಡುತ್ತದೆ. ಬಿಡಿ ಪೊಟ್ಟಣ ತೆಗೆದಿಟ್ಟರೆ ಸಾಲದು. ಅಂಟಿನುಂಡೆಗೆ, ಮನೆಯ ಮಸಾಲೆ ಪುಡಿಗೆ ಹುರಿದು ಹಾಕಿದ್ದೂ ಗಸಗಸೆಯೇ. ಉಂಡೆ ಕಟ್ಟುವ ಮೊದಲೇ ಅದನ್ನು ಬಿಟ್ಟುಬಿಡಿ. ಹಾಗೆಯೇ ಔಷಧಿಯ ಲೇಬಲ್ಲಿನಲ್ಲಿ ವಿಜಯಾ, ಭಂಗಾ, ಅಹಿಫೇನ ಎಂಬ ಹೆಸರು ಕಂಡರೆ ಮನೆಯಲ್ಲೇ ಇಡಿ. ಮೊದಲೆರಡು ಭಂಗಿ, ಮೂರನೆಯದು ಅಫೀಮು. ಹೊಟ್ಟೆ ಕೆಟ್ಟರೆ ಕೊಡುವ ಜಾತೀಫಲಾದಿ ಚೂರ್ಣದ ಶಾಸ್ತ್ರೀಯ ಪಾಠದಲ್ಲಿಯೇ ಭಂಗಿ ಇದೆ. ರಸ, ಸಿಂಧೂರ, ಭಸ್ಮ ಎಂದು ಹೆಸರಿರುವ ಔಷಧಿಗಳಲ್ಲಿ ಪಾದರಸವೋ ಇತರ ಲೋಹವೋ ಇರಬಹುದು, ಬಾಣಂತಿಗೆ ವೈದ್ಯರು ಬರೆದುಕೊಡದೆ ಅವನ್ನು ಒಯ್ಯಲೇಬಾರದು.

ಅರಿಷ್ಟದ ವಿಚಾರ ಬೇರೆ. ಹುದುಗು ಬಂದು ತಾನಾಗಿ ಹುಟ್ಟಿದ ಮದ್ಯಸಾರ ಅದರಲ್ಲಿ ಸಾಮಾನ್ಯವಾಗಿ ಶೇ. 5ರಿಂದ 10ರಷ್ಟು ಇರುತ್ತದೆ. ವಿಮಾನದವರಿಗೆ ಇದು ತೊಡಕಲ್ಲ, ಶೇ. 24ಕ್ಕಿಂತ ಕೆಳಗಿದ್ದರೆ ಅಪಾಯಕಾರಿ ಸರಕಿನ ನಿರ್ಬಂಧ ತಾಗುವುದಿಲ್ಲ. ತೊಡಕು ಇರುವುದು ಇಳಿಯುವ ಊರಿನಲ್ಲಿ. ಕುವೈತ್, ಸೌದಿಗಳಲ್ಲಿ ಮದ್ಯಕ್ಕೆ ನಿಷೇಧವಿದೆ, ಯುಎಇಯಲ್ಲೇ ಇರುವ ಶಾರ್ಜಾದಲ್ಲೂ. ಲೆಕ್ಕ ಹಾಕಿ: 15 ಮಿ.ಲೀ.ಯಂತೆ ದಿನಕ್ಕೆ ಎರಡು ಹೊತ್ತು ಕುಡಿದರೆ 450 ಮಿ.ಲೀ. ಬಾಟಲಿ 15 ದಿನ ಬರುತ್ತದೆ. ನಲವತ್ತು ದಿನಕ್ಕೆ ಮೂರು ಗಾಜಿನ ಬಾಟಲಿ. ಅಷ್ಟು ಭಾರ, ಅಷ್ಟು ಆತಂಕ ಹೊರುವ ಬದಲು ದಶಮೂಲ ಕಷಾಯದ ಗುಳಿಗೆ ಸಾಕೇ ಎಂದು ವೈದ್ಯರನ್ನೇ ಕೇಳಿ.

ಜರ್ಮನಿ, ಐರ್ಲೆಂಡ್ ಕಡೆ ಹೋಗುವವರಿಗೆ ತೊಂದರೆ ಕೊಡುವುದು ತುಪ್ಪ. ಐರೋಪ್ಯ ಒಕ್ಕೂಟದೊಳಗೆ ಹೊರಗಿನ ಪ್ರಯಾಣಿಕರು ಹಾಲಿನ ಉತ್ಪನ್ನ ತರುವಂತಿಲ್ಲ; ಮನೆಯ ತುಪ್ಪದಲ್ಲಿ ಕಾಯಿಸಿದ ಲೇಹವನ್ನು ಕಸ್ಟಮ್ಸ್‌ನವರು ತೆಗೆದಿಟ್ಟುಕೊಂಡರೆ ವಾದ ಮಾಡಲು ಏನೂ ಉಳಿಯುವುದಿಲ್ಲ. ಎಳ್ಳೆಣ್ಣೆಯಲ್ಲಿ ಮಾಡಿದ ಲೇಹ ಕಾಯಿಸಿಕೊಳ್ಳಿ. ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಬೇರು, ತೊಗಟೆ, ಬೀಜ, ಒಣ ಎಲೆ ಏನಿದ್ದರೂ ಆಗಮನದ ಚೀಟಿಯಲ್ಲಿ 'ಇದೆ' ಎಂದು ಗುರುತು ಹಾಕಬೇಕು. ಹೇಳಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟರೆ ದಂಡ ಬೀಳುತ್ತದೆ. ತುಳುನಾಡಿನ ಆಟಿ ಅಮಾವಾಸ್ಯೆಯಂದು ಕುಡಿಯುವ ಕಷಾಯಕ್ಕೆಂದು ಪಾಲೆ ಮರದ ತೊಗಟೆ ಕಟ್ಟಿಕೊಡುವವರೂ ಇದನ್ನು ನೆನಪಿಡಲಿ.

ರಥಬೀದಿಯ ಗಿಡಮೂಲಿಕೆ ಅಂಗಡಿಯಲ್ಲಿ ಬಿಡಿಯಾಗಿ ತೂಗಿಕೊಡುವ ಜಟಾಮಾಂಸಿ, ಸರ್ಪಗಂಧದ ಬೇರು, ಮಗುವಿನ ಮೈಗೆ ತೇಯ್ದು ಹಚ್ಚುವ ರಕ್ತಚಂದನದ ತುಂಡು, ಇವು ಮೂರೂ ಅಳಿವಿನಂಚಿನ ಜೀವಿಗಳ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿವೆ. ಬೇರು, ಕಟ್ಟಿಗೆಯ ರೂಪದಲ್ಲಿ ಇವನ್ನು ದೇಶದಾಚೆ ಒಯ್ಯಬಾರದು.

ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಅಚ್ಚುಕಟ್ಟಾಗಿರಲಿ. ಬಾಣಂತಿಯ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರಬೇಕು, ಏಕೆಂದರೆ ಮದ್ದು ಒಯ್ಯುವವರು ಅಮ್ಮ, ಕುಡಿಯುವವಳು ಮಗಳು. ಪ್ರತಿ ಔಷಧಿಯ ಪೂರ್ತಿ ಹೆಸರು, ಪ್ರಮಾಣ, ಎಷ್ಟು ದಿನಕ್ಕೆ, ವೈದ್ಯರ ನೋಂದಣಿ ಸಂಖ್ಯೆ, ಮೊಹರು. ಮನೆಯಲ್ಲೇ ಕುಟ್ಟಿದ ಜೀರಿಗೆ-ಕೊತ್ತಂಬರಿ ಕಷಾಯದ ಪುಡಿಯಾದರೆ ದಿನಕ್ಕೆ 10 ಗ್ರಾಂ ಹಿಡಿದು 400 ಗ್ರಾಂ ಮಾತ್ರ ಸಾಕು. ಪಾರದರ್ಶಕ ಚೀಲದಲ್ಲಿ ತುಂಬಿ, ಏನೇನು ಹಾಕಿದ್ದೀರಿ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಆ ಪಟ್ಟಿಯ ಇನ್ನೊಂದು ಪ್ರತಿ ವಿಮಾನ ನಿಲ್ದಾಣಕ್ಕೆ ಬರುವ ಅಳಿಯನ ಮೊಬೈಲಿನಲ್ಲೂ ಇರಲಿ. ಅಲ್ಲಿ ಪ್ರಶ್ನೆ ಕೇಳಿದಾಗ ಅಮ್ಮನಿಗೆ ಭಾಷೆ ತೊಡಕಾದರೆ ಅವರಾದರೂ ಉತ್ತರ ಕೊಡಬಹುದು.