ಆಫರ್ ಲೆಟರ್ ಬಂದ ದಿನವೇ ಬೆಕ್ಕಿನ ಕಾಗದಪತ್ರಕ್ಕೂ ಕೈ ಹಾಕಿ

ಪುಣೆಯ ಹಿಂಜವಡಿ, ವಾಕಡ್, ಬಾಣೇರ್ ಕಡೆಯ ಹೌಸಿಂಗ್ ಸೊಸೈಟಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಒಂದು ಸಂದೇಶ ಬರುತ್ತದೆ. ಮನೆಯವರು ವಿದೇಶಕ್ಕೆ ಹೊರಟಿದ್ದಾರೆ, ಫ್ರಿಜ್, ವಾಷಿಂಗ್ ಮಶೀನ್, ಸೋಫಾ, ಮಕ್ಕಳ ಸೈಕಲ್ ಎಲ್ಲವೂ ಮಾರಾಟಕ್ಕಿವೆ. ಪ್ರತಿಯೊಂದರ ಮುಂದೆ ದರ ಬರೆದಿರುತ್ತದೆ. ಪಟ್ಟಿಯ ಕೊನೆಯಲ್ಲಿ ಒಂದು ಬೆಕ್ಕಿನ ಫೋಟೋ, ಅದರ ಮುಂದೆ ‘ಉಚಿತ, ಒಳ್ಳೆಯ ಮನೆ ಬೇಕು, ಇದೇ ಭಾನುವಾರದೊಳಗೆ’.

ಇಂಥ ಸಂದೇಶ ಹಾಕಿದವರನ್ನು ಕಲ್ಲೆದೆಯವರೆಂದು ಬೈಯುವುದು ಸುಲಭ, ಗುಂಪಿನಲ್ಲಿ ನಡೆಯುವುದೂ ಅದೇ. ತಾಯಿಯಿಲ್ಲದ ಮರಿಗಳನ್ನು ಕೆಲಕಾಲ ಮನೆಯಲ್ಲಿಟ್ಟುಕೊಂಡು, ದೊಡ್ಡವಾದ ಮೇಲೆ ಯೋಗ್ಯ ಮನೆಗಳಿಗೆ ದಾಟಿಸುವ ಹವ್ಯಾಸ ನನಗಿರುವುದರಿಂದ ಇವರಲ್ಲಿ ಅನೇಕರು ಕೊನೆಗೆ ನನಗೇ ಫೋನ್ ಮಾಡುತ್ತಾರೆ. ಮಾತನಾಡಿಸಿ ನೋಡಿದರೆ ಬಹಳಷ್ಟು ಜನ ಖರ್ಚಿಗೆ ಹಿಂಜರಿಯುವವರಲ್ಲ. ಬೆಕ್ಕಿನ ಹೆಸರು ಹೇಳುವಾಗ ಗಂಟಲು ಕಟ್ಟುವಷ್ಟು ಅಕ್ಕರೆ ಇರುವವರೇ. ತಮ್ಮ ವೀಸಾ, ಮಕ್ಕಳ ಶಾಲೆಯ ಟಿ.ಸಿ., ಬಾಡಿಗೆ ಮನೆಯ ಡಿಪಾಸಿಟ್ ಎಲ್ಲವನ್ನೂ ತಿಂಗಳುಗಟ್ಟಲೆ ಮೊದಲೇ ಯೋಚಿಸಿದ ಇವರು ಬೆಕ್ಕಿನ ವಿಚಾರಕ್ಕೆ ಕೈ ಹಾಕುವುದು ಮಾತ್ರ ಟಿಕೆಟ್ ಬುಕ್ ಆದ ಮೇಲೆ. ಆ ಹೊತ್ತಿಗೆ ಎಷ್ಟು ಹಣ ಸುರಿದರೂ ಕೊಳ್ಳಲಾಗದ ಒಂದು ವಸ್ತು ಕಡಿಮೆ ಬಿದ್ದಿರುತ್ತದೆ, ಅದು ಸಮಯ.

ನನ್ನ ತಮ್ಮನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಾಗ ಈ ಲೆಕ್ಕವನ್ನು ಹತ್ತಿರದಿಂದ ನೋಡಿದೆ. ಅವರ ಮನೆಯಲ್ಲಿ ಎರಡು ಬೆಕ್ಕುಗಳು. ಮನಿ ಎಂಬ ಬೂದು ಬಣ್ಣದ ಹೆಣ್ಣು, ಶೇಂಗಾ ಎಂಬ ಕೇಸರಿ ಬಣ್ಣದ ಗಂಡು. ಎರಡೂ ಪಾರ್ಕಿಂಗ್‌ನಲ್ಲಿ ಸಿಕ್ಕ ನಾಡಬೆಕ್ಕುಗಳೇ. ನಿಯಮಗಳನ್ನು ಓದಿ ಮುಗಿಸಿದ ತಮ್ಮ ಫೋನ್ ಮಾಡಿ, “ಅಕ್ಕಾ, ನಮ್ಮ ವೀಸಾ ಒಂದೂವರೆ ತಿಂಗಳದಾಗ ಬರ್ತದಂತ, ಬೆಕ್ಕಿಂದು ನಾಲ್ಕು ತಿಂಗಳಂತ ನೋಡು!” ಎಂದ. ಹಿಂದಿನಿಂದ ಅವನ ಹೆಂಡತಿಯ ದನಿ ಕೇಳಿಸಿತು: “ಹಂಗಾದ್ರ ಬೆಕ್ಕಿಂದು ಮೊದಲು ಮಾಡ್ರಿ.” ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಹೆಚ್ಚುಕಡಿಮೆ ಅಷ್ಟೇ.

ನಾಲ್ಕು ತಿಂಗಳು ಏಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ. ಐರೋಪ್ಯ ಒಕ್ಕೂಟದ ಪಟ್ಟಿಯಲ್ಲಿ ಭಾರತವು ರೇಬೀಸ್ ನಿಯಂತ್ರಣದಲ್ಲಿದೆಯೆಂದು ಮಾನ್ಯತೆ ಪಡೆದ ದೇಶವಲ್ಲ. ಆದ್ದರಿಂದ ಇಲ್ಲಿಂದ ಹೋಗುವ ಬೆಕ್ಕಿಗೆ ಮೊದಲು ಮೈಕ್ರೋಚಿಪ್ ಹಾಕಿಸಬೇಕು. ಚಿಪ್ ಹಾಕಿದ ಅನಂತರ, ಅಥವಾ ಅದೇ ದಿನ ಚಿಪ್ ಹಾಕಿದ ಬೆನ್ನಿಗೇ, ರೇಬೀಸ್ ಲಸಿಕೆ ಕೊಡಿಸಬೇಕು, ಮತ್ತು ಆ ವೇಳೆಗೆ ಮರಿಗೆ ಕನಿಷ್ಠ 12 ವಾರ ತುಂಬಿರಬೇಕು. ಲಸಿಕೆಯಾಗಿ 30 ದಿನ ಕಳೆದ ಮೇಲೆ ರಕ್ತ ತೆಗೆದು, ಐರೋಪ್ಯ ಒಕ್ಕೂಟ ಅನುಮೋದಿಸಿದ ಪ್ರಯೋಗಾಲಯಕ್ಕೆ ಕಳುಹಿಸಿ, ರಕ್ತದಲ್ಲಿ ರೇಬೀಸ್ ನಿರೋಧಕ ಅಂಶ ಪ್ರತಿ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಅದಕ್ಕಿಂತ ಹೆಚ್ಚಿದೆ ಎಂಬ ವರದಿ ಪಡೆಯಬೇಕು. ಇಷ್ಟಾದರೂ ಮುಗಿಯಲಿಲ್ಲ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು.

ಈ ಮೂರು ತಿಂಗಳನ್ನು ಕಂಡು ‘ಬಿಳಿಯರ ಜಂಭ’ ಎಂದು ಗೊಣಗಿದವರಿದ್ದಾರೆ. ಅದರ ಹಿಂದಿನ ಕಾರಣ ಸರಳವಾಗಿದೆ. ರೇಬೀಸ್ ವೈರಸ್ ಮೈ ಹೊಕ್ಕ ಪ್ರಾಣಿಯಲ್ಲಿ ರೋಗಲಕ್ಷಣ ಕಾಣಿಸಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಲಸಿಕೆಗೆ ಮುನ್ನವೇ ಕಚ್ಚಿಸಿಕೊಂಡಿದ್ದ ಬೆಕ್ಕು ರಕ್ತಪರೀಕ್ಷೆಯ ದಿನ ಆರೋಗ್ಯವಾಗಿಯೇ ಕಾಣಬಹುದು. ಕಾಯುವ ಅವಧಿ ಅಂಥ ಪ್ರಾಣಿಯನ್ನು ಗುರುತಿಸುವುದಕ್ಕೆ ಇದೆ. ಬೀದಿನಾಯಿ ಕಚ್ಚಿದ ಸುದ್ದಿಯನ್ನು ಪತ್ರಿಕೆಯಲ್ಲಿ ದಿನವೂ ಓದುವ ನಾವು ಈ ಎಚ್ಚರಿಕೆಯನ್ನು ತಪ್ಪೆನ್ನಲಾಗದು. ಹಿಂದಿನವರ ಪಾಡಿಗೆ ಹೋಲಿಸಿದರೆ ಇದು ಸುಧಾರಣೆಯೇ ಹೌದು. ಭಾರತದಿಂದ ಬ್ರಿಟನ್ನಿಗೆ ಒಯ್ದ ಬೆಕ್ಕು 2011ರ ಕೊನೆಯವರೆಗೂ ಅಲ್ಲಿಳಿದ ಮೇಲೆ ಆರು ತಿಂಗಳು ಕ್ವಾರಂಟೈನ್ ಗೂಡಿನಲ್ಲಿ ಇರಬೇಕಾಗಿತ್ತು. 2012ರ ಜನವರಿಯಿಂದ ಆ ಕಾಯುವಿಕೆ ನಮ್ಮ ಮನೆಯ ಹಾಸಿಗೆಯ ಮೇಲೇ ಮುಗಿಯುವಂತಾಯಿತು.

ಇನ್ನೊಂದು ಸಂಗತಿಯನ್ನು ಸಾಕುಪ್ರಾಣಿಗಳನ್ನು ವಿದೇಶಕ್ಕೆ ಸಾಗಿಸಿಕೊಡುವ ಏಜೆಂಟರು ಸಾಮಾನ್ಯವಾಗಿ ಒತ್ತಿ ಹೇಳುವುದಿಲ್ಲ. ಒಮ್ಮೆ ಆ ರಕ್ತಪರೀಕ್ಷೆಯಲ್ಲಿ ಪಾಸಾದ ಬೆಕ್ಕಿಗೆ, ಮುಂದಿನ ರೇಬೀಸ್ ಲಸಿಕೆಗಳನ್ನು ಅವಧಿ ಮೀರದಂತೆ ಕೊಡಿಸುತ್ತಾ ಹೋದರೆ, ಐರೋಪ್ಯ ನಿಯಮದ ಪ್ರಕಾರ ಪರೀಕ್ಷೆಯನ್ನು ಮತ್ತೆ ಮಾಡಿಸಬೇಕಾಗಿಲ್ಲ. ಹಾಗಿದ್ದ ಮೇಲೆ ವಿದೇಶದ ಆಸೆ ಮನಸ್ಸಿನಲ್ಲಿ ಮೂಡಿ, ಜರ್ಮನ್ ತರಗತಿಗೆ ಸೇರುವ ಹಂತದಲ್ಲಿಯೇ ಅದನ್ನು ಮುಗಿಸಿಬಿಡಬಹುದಲ್ಲವೇ? ಹೋಗದಿದ್ದರೆ ನಷ್ಟವಾಗುವುದು ಒಂದು ಪರೀಕ್ಷೆಯ ಖರ್ಚು ಮಾತ್ರ. ಚಿಪ್ಪೂ ಲಸಿಕೆಯೂ ಪುಣೆಯಲ್ಲೇ ಇರುವ ಬೆಕ್ಕಿಗೂ ಬೇಕಾದವೇ.

ಚಿಪ್ಪಿನ ವಿಷಯದಲ್ಲಿ ಕೊಂಚ ನಿಲ್ಲುತ್ತೇನೆ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ವಸ್ತುವನ್ನು ದಪ್ಪ ಸೂಜಿಯಿಂದ ಹೆಗಲ ನಡುವಿನ ಸಡಿಲ ಚರ್ಮದಡಿ ಸೇರಿಸುತ್ತಾರೆ. ಅದರಲ್ಲಿರುವುದು 15 ಅಂಕಿಗಳ ಒಂದು ಸಂಖ್ಯೆ ಮಾತ್ರ. ಬ್ಯಾಟರಿಯಾಗಲಿ ಜಿಪಿಎಸ್ ಆಗಲಿ ಇರುವುದಿಲ್ಲ. ಮನಿಗೆ ಚಿಪ್ ಹಾಕಿದ ದಿನ ನಾನೂ ಕ್ಲಿನಿಕ್ಕಿಗೆ ಹೋಗಿದ್ದೆ. ಡಾಕ್ಟರು ಸ್ಕ್ಯಾನರನ್ನು ಅವಳ ಬೆನ್ನ ಮೇಲೆ ಆಡಿಸಿದಾಗ ‘ಪೀಂ’ ಎಂದು ಸಂಖ್ಯೆ ಮೂಡಿತು. ಸಹಾಯಕ ಹುಡುಗ ಅದನ್ನು ಲಸಿಕೆ ಪುಸ್ತಕಕ್ಕೆ ಇಳಿಸುವಾಗ ನಡುವಿನ ಎರಡು ಸೊನ್ನೆಗಳಲ್ಲಿ ಒಂದನ್ನು ನುಂಗಿದ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನ್ನ ತಮ್ಮನ ಹೆಂಡತಿ ಅಂಕಿಗಳನ್ನು ಬೆರಳಿಟ್ಟು ಎಣಿಸಿ ಅಲ್ಲೇ ಸರಿಪಡಿಸಿದಳು. ಲಸಿಕೆ ಪುಸ್ತಕ, ಪ್ರಯೋಗಾಲಯದ ಅರ್ಜಿ, ಅದರ ವರದಿ, ಸರ್ಕಾರಿ ಪ್ರಮಾಣಪತ್ರ, ಈ ನಾಲ್ಕರಲ್ಲೂ ಆ ಸಂಖ್ಯೆ ಒಂದೇ ಆಗಿರಬೇಕು, ಇಲ್ಲವಾದರೆ ಕಾಗದದ ಮೇಲೆ ಅದು ಬೇರೆ ಬೆಕ್ಕು. ಲಸಿಕೆ ಮೊದಲು ಕೊಡಿಸಿ ಚಿಪ್ಪನ್ನು ತಿಂಗಳ ಮೇಲೆ ಹಾಕಿಸಿದವರೂ ಹೀಗೆಯೇ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ, ಗಡಿಯಾರ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬೇರೆ ದೇಶಗಳ ಮಾತು ಬೇಗ ಮುಗಿಸುತ್ತೇನೆ, ಏಕೆಂದರೆ ನಿಯಮಗಳು ಬದಲಾಗುತ್ತಿರುತ್ತವೆ ಮತ್ತು ಹೊರಡುವವರು ಆಯಾ ದೇಶದ ಸರ್ಕಾರಿ ಜಾಲತಾಣವನ್ನೇ ನೋಡಬೇಕು. ಕೆನಡಾ ಸುಲಭ. ಮೂರು ತಿಂಗಳು ದಾಟಿದ ಬೆಕ್ಕಿಗೆ ರೇಬೀಸ್ ಲಸಿಕೆಯ ಸರಿಯಾದ ಪ್ರಮಾಣಪತ್ರವಿದ್ದರೆ ಸಾಕು, ಕ್ವಾರಂಟೈನ್ ಇಲ್ಲ. ಅಮೆರಿಕದ ಕೇಂದ್ರ ನಿಯಮ ನಾಯಿಗಳಿಗೆ ಬಿಗಿಯಾಗಿದೆ, ಬೆಕ್ಕುಗಳಿಗೆ ಸಡಿಲವಾಗಿದೆ, ಆದರೆ ರಾಜ್ಯಗಳೂ ವಿಮಾನ ಕಂಪನಿಗಳೂ ತಮ್ಮವೇ ಷರತ್ತು ಹಾಕುತ್ತವೆ. ಜಪಾನಿಗೆ ಹೋಗಬೇಕಾದರೆ ರಕ್ತ ತೆಗೆದ ಮೇಲೆ 180 ದಿನ ಕಾಯಬೇಕು. ಎಲ್ಲಕ್ಕಿಂತ ಕಠಿಣ ಆಸ್ಟ್ರೇಲಿಯಾ. ಭಾರತದಿಂದ ನೇರವಾಗಿ ಬೆಕ್ಕನ್ನು ಒಯ್ಯುವಂತೆಯೇ ಇಲ್ಲ, ಅವರು ಒಪ್ಪಿದ ಮೂರನೆಯ ದೇಶವೊಂದರ ಮೂಲಕ ಸಾಗಿ, ಆಮೇಲೆ ಮೆಲ್ಬರ್ನ್ ಬಳಿಯ ಮಿಕಲಮ್ ಕ್ವಾರಂಟೈನ್ ಕೇಂದ್ರದಲ್ಲಿಯೂ ಇರಬೇಕು. ಆಸ್ಟ್ರೇಲಿಯಾಕ್ಕೆ ಹೋಗುವವರು ಯಾರಾದರೂ ‘ಬೆಕ್ಕನ್ನು ಇಲ್ಲೇ ಬಿಡುತ್ತೇವೆ’ ಎಂದರೆ ನಾನು ಎದುರಾಡುವುದಿಲ್ಲ.

ಪುಣೆಯವರಿಗೆ ಇನ್ನೊಂದು ತೊಡಕಿದೆ. ಹೊರದೇಶಕ್ಕೆ ಹೋಗುವ ಪ್ರಾಣಿಗಳಿಗೆ ಪ್ರಮಾಣಪತ್ರ ಕೊಡುವ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕೇಂದ್ರಗಳು ಮುಂಬೈ, ದೆಹಲಿ, ಕೋಲ್ಕತ್ತಾ, ಚೆನ್ನೈ, ಬೆಂಗಳೂರು, ಹೈದರಾಬಾದುಗಳಲ್ಲಿವೆ, ಪುಣೆಯಲ್ಲಿ ಇಲ್ಲ. ಯುರೋಪಿಗೆ ಬೇಕಾದ ಆರೋಗ್ಯ ಪ್ರಮಾಣಪತ್ರ ಅಲ್ಲಿ ತಲುಪುವುದಕ್ಕೆ ಮುಂಚಿನ 10 ದಿನಗಳ ಒಳಗಿನದಾಗಿರಬೇಕು. ಹಾಗಾಗಿ ಮನೆ ಖಾಲಿ ಮಾಡುವ ಗಡಿಬಿಡಿಯ ನಡುವೆಯೇ ಬೆಕ್ಕಿನ ಸಲುವಾಗಿ ಮುಂಬೈ ದಾರಿ ಹಿಡಿಯಬೇಕು. ಶೇಂಗಾ ತಳೇಗಾಂವ್ ದಾಟುವವರೆಗೂ ಸುಮ್ಮನಿದ್ದು, ಖಂಡಾಳಾ ಘಾಟಿನುದ್ದಕ್ಕೂ ಕೂಗಿದ ಕೂಗಿಗೆ ಟೋಲ್ ನಾಕಾದ ಹುಡುಗ ಕಿಟಕಿಯಿಂದ ಬಗ್ಗಿ ನೋಡಿದನಂತೆ.

ವಿಮಾನದ ವಿಚಾರ. ಯುರೋಪಿನ ಕೆಲವು ಕಂಪನಿಗಳು ಬ್ಯಾಗ್ ಸೇರಿ 8 ಕಿಲೋ ಮೀರದ ಬೆಕ್ಕನ್ನು ಸೀಟಿನ ಕೆಳಗೆ ಇಟ್ಟುಕೊಳ್ಳಲು ಬಿಡುತ್ತವೆ. ಬ್ರಿಟನ್ನಿಗೆ ಮಾತ್ರ ಸಾಕುಬೆಕ್ಕು ಕ್ಯಾಬಿನ್ನಿನಲ್ಲಿ ಬರುವಂತಿಲ್ಲ, ಕಾರ್ಗೋ ಮೂಲಕವೇ ಹೋಗಬೇಕು. ಕಾರ್ಗೋ ಎಂದೊಡನೆ ಜನ ಸೂಟ್‌ಕೇಸುಗಳ ರಾಶಿಯನ್ನು ಊಹಿಸಿಕೊಂಡು ಹೆದರುತ್ತಾರೆ. ಪ್ರಾಣಿಗಳನ್ನು ಒಯ್ಯುವ ಹೋಲ್ಡಿನಲ್ಲಿ, ಅಂದರೆ ವಿಮಾನದ ಕೆಳಭಾಗದ ಸರಕು ಕೋಣೆಯಲ್ಲಿ, ಗಾಳಿಯ ಒತ್ತಡವೂ ಉಷ್ಣತೆಯೂ ನಿಯಂತ್ರಣದಲ್ಲಿರುತ್ತವೆ. ಅಪಾಯ ಹೆಚ್ಚಿರುವುದು ನೆಲದ ಮೇಲೆ, ಮೇ ತಿಂಗಳ ಮಧ್ಯಾಹ್ನ ಕಾಯುವ ಹೊತ್ತಿನಲ್ಲಿ. ಬೆಕ್ಕು ಎದ್ದು ನಿಂತು, ತಿರುಗಿ, ಮೈಚಾಚಿ ಮಲಗುವಷ್ಟು ಜಾಗ ಕ್ರೇಟಿನಲ್ಲಿರಬೇಕು ಎಂಬುದು ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘವಾದ ಐಯಾಟಾದ ನಿಯಮ. ನಿದ್ದೆ ಮಾತ್ರೆ ಕೊಟ್ಟು ಕಳುಹಿಸುವುದನ್ನು ಆ ಸಂಘವೂ ಪಶುವೈದ್ಯರೂ ಒಪ್ಪುವುದಿಲ್ಲ. ಮತ್ತಿನಲ್ಲಿರುವ ಪ್ರಾಣಿಗೆ ಉಸಿರಾಟವನ್ನೂ ಮೈಯ ಸಮತೋಲನವನ್ನೂ ಕಾಯ್ದುಕೊಳ್ಳುವುದು ಕಷ್ಟವಾಗುತ್ತದೆ.

ಅದರ ಬದಲು ಅಭ್ಯಾಸ ಮಾಡಿಸಬೇಕು. ತಮ್ಮನ ಮನೆಯಲ್ಲಿ ಬ್ಯಾಗುಗಳನ್ನು ಬಾಯಿ ತೆರೆದು ದಿವಾನದ ಪಕ್ಕ ಇಟ್ಟುಬಿಟ್ಟರು, ಊಟದ ಬಟ್ಟಲನ್ನು ಅದರೊಳಗೆ. ಶೇಂಗಾ ಎರಡನೇ ದಿನಕ್ಕೆ ಒಳಗೆ ಹೋಗಿ ಮಲಗಿದ. ಮನಿ ಹಿಂಗಾಲುಗಳನ್ನು ಹೊರಗೇ ಊರಿ, ಕತ್ತು ಚಾಚಿ ತಿಂದು, ಬ್ಯಾಗಿಗೂ ತನಗೂ ಸಂಬಂಧವಿಲ್ಲವೆಂಬಂತೆ ಬಹಳ ದಿನ ನಡೆದುಕೊಂಡಳು. ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಬ್ಯಾಗ್ ಎಕ್ಸ್‌ರೇಗೆ ಹೋಗುವಾಗ ಬೆಕ್ಕನ್ನು ಹೊರತೆಗೆದು ಎತ್ತಿಕೊಳ್ಳಬೇಕಾಗುತ್ತದೆ. ಆದ್ದರಿಂದ ಎದೆಪಟ್ಟಿ ಕಟ್ಟಿಸಿಕೊಳ್ಳುವ ಅಭ್ಯಾಸವೂ ಮನೆಯಲ್ಲೇ ಆಗಿರಬೇಕು. ಅವರು ಹೋದ ವಿಮಾನದಲ್ಲಿ ಪ್ರಯಾಣಿಕರಿಗೆ ತಲಾ ಒಂದೇ ಬ್ಯಾಗ್. ಮೊದಲೇ ಹೋಗಿ ಕೆಲಸಕ್ಕೆ ಸೇರಿದ್ದ ತಮ್ಮ, ಕಾಯುವ ಅವಧಿ ಮುಗಿದಾಗ ಹಿಂದಿರುಗಿ ಬಂದು ಹೆಂಡತಿಯೊಡನೆ ಎರಡನ್ನೂ ಕರೆದುಕೊಂಡು ಹೋದ. ಅಲ್ಲಿ ಬಾಡಿಗೆ ಮನೆಯ ಕರಾರಿನಲ್ಲಿ ಬೆಕ್ಕು ನಾಯಿಗಳನ್ನು ಸಾರಾಸಗಟಾಗಿ ನಿಷೇಧಿಸುವ ಷರತ್ತು ಸಿಂಧುವಲ್ಲವೆಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರಲ್ಲಿ ತೀರ್ಪು ಕೊಟ್ಟಿದೆ. ಹಾಗಿದ್ದರೂ ಮನೆ ಮಾಲೀಕರನ್ನು ಮೊದಲೇ ಕೇಳಿಕೊಳ್ಳುವುದು ಜಾಣತನ.

ನಮ್ಮ ಧಾರವಾಡದ ಬಂಧುಗಳಲ್ಲಿ ಈ ಪ್ರಯಾಣ ಚರ್ಚೆಯ ವಿಷಯವಾಯಿತು. “ಹೆತ್ತವರನ್ನ ಇಲ್ಲೇ ಬಿಟ್ಟು ಬೆಕ್ಕನ್ನ ಹೊತಗೊಂಡು ಹೋದ್ರು” ಎಂದು ಕಾಕಾ ಒಬ್ಬರು ಮದುವೆ ಪಂಕ್ತಿಯಲ್ಲೇ ಅಂದರು. ಮಾತು ಚುಚ್ಚುತ್ತದೆ, ಆದರೆ ಅದರಲ್ಲಿ ಹೋಲಿಕೆಯೇ ತಪ್ಪಿದೆ. ಹೆತ್ತವರು ತಮ್ಮ ಮನೆ, ತಮ್ಮ ಊರು, ತಮ್ಮ ಜನರ ನಡುವೆ ಇದ್ದಾರೆ. ತಾವು ಅಲ್ಲಿಗೆ ಹೋಗುವುದಿಲ್ಲವೆಂದು ಅವರೇ ಹೇಳಿದ್ದಾರೆ. ಬೆಕ್ಕಿಗೆ ಮನೆ ಎಂದರೆ ಆ ಫ್ಲ್ಯಾಟು ಮತ್ತು ಆ ಇಬ್ಬರು. ಬೆಕ್ಕಿಗೆ ಜಾಗದ ಮೇಲೆ ಮಾತ್ರ ಪ್ರೀತಿ, ಮನುಷ್ಯರ ಮೇಲಲ್ಲ ಎಂಬ ಮಾತೂ ಅರ್ಧ ಮಾತ್ರ ನಿಜ. ಅಮೆರಿಕದ ಓರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರರಲ್ಲಿ ಸುಮಾರು ಎರಡು ಪಾಲು ಬೆಕ್ಕುಗಳು ಸಾಕಿದವರ ಇರುವಿಕೆಯಿಂದ ಧೈರ್ಯ ಪಡೆಯುತ್ತವೆ ಎಂದು ಕಂಡುಬಂದಿತು.

ಹಾಗೆಂದು ಎಲ್ಲ ಬೆಕ್ಕನ್ನೂ ಒಯ್ಯಲೇಬೇಕೆಂದು ನಾನು ವಾದಿಸುತ್ತಿಲ್ಲ. ಮೂತ್ರಪಿಂಡ ಸೋತ ಮುದಿಬೆಕ್ಕನ್ನು ಹದಿನಾರು ತಾಸು ದಣಿಸುವುದಕ್ಕಿಂತ, ಅದು ಬಲ್ಲ ಅಜ್ಜಿಯ ಮನೆಯಲ್ಲಿ ಬಿಡುವುದೇ ಮೇಲು. ಚಪ್ಪಟೆ ಮೂಗಿನ ಪರ್ಷಿಯನ್ ಬೆಕ್ಕುಗಳನ್ನು ಉಸಿರಾಟದ ತೊಂದರೆಯ ಕಾರಣಕ್ಕೆ ಅನೇಕ ವಿಮಾನ ಕಂಪನಿಗಳು ಕಾರ್ಗೋದಲ್ಲಿ ಒಯ್ಯುವುದಿಲ್ಲ. ಮುಂದೊಂದು ದಿನ ಹೊರದೇಶಕ್ಕೆ ಹೋಗುವ ಅಂದಾಜಿರುವವರು ಸಾವಿರಾರು ರೂಪಾಯಿ ಕೊಟ್ಟು ಅಂಥ ಮರಿ ತರುವ ಮುನ್ನ ಇದನ್ನು ಯೋಚಿಸಬೇಕು. ನಮ್ಮ ಸೊಸೈಟಿಯ ಸ್ಕೂಟರುಗಳ ನಡುವೆ ಸಿಕ್ಕ ಬಿಳಿ ಪರ್ಷಿಯನ್ ಒಂದರ ಹೊಟ್ಟೆಯ ರೋಮ ಗಂಟುಗಟ್ಟಿ, ಚರ್ಮ ಎಳೆದು ಹುಣ್ಣಾಗಿತ್ತು, ಕಣ್ಣಿನಿಂದ ಮೂಗಿನವರೆಗೆ ಕಂದು ಕಲೆ ಇಳಿದಿತ್ತು. ಅದನ್ನು ಸಾಕಿದ್ದವರು ದೇಶ ಬಿಟ್ಟು ಬಹಳ ದಿನವಾಗಿರಲಿಲ್ಲ. ‘ಇಲ್ಲಿ ಎಲ್ಲರೂ ಬೆಕ್ಕಿಗೆ ಊಟ ಹಾಕುತ್ತಾರೆ’ ಎಂಬ ನಂಬಿಕೆಯಿಂದ ಬಿಟ್ಟರಂತೆ. ಆ ಊಟದ ತಟ್ಟೆಯನ್ನು ಕಾಯುತ್ತಿದ್ದ ಗಡವ ಬೆಕ್ಕುಗಳು ಅದನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಹಸಿವಿಗೋ ಬಾಯಾರಿಕೆಗೋ ತುತ್ತಾಗುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲಕ್ಕೆ ಆ ಕಾಯ್ದೆ ಹೇಳುವ ದಂಡ 10ರಿಂದ 50 ರೂಪಾಯಿ. ವಡಾಪಾವ್ ಎರಡು ತಿಂದು ಚಹಾ ಕುಡಿದರೆ ಅದಕ್ಕಿಂತ ಹೆಚ್ಚಾಗುತ್ತದೆ.

ಈಗಾಗಲೇ ಟಿಕೆಟ್ ಮಾಡಿ, ದಿನ ಹತ್ತಿರ ಬಂದು ಕೂತವರಿಗೂ ದಾರಿ ಮುಚ್ಚಿಲ್ಲ. ಬೆಕ್ಕನ್ನು ‘ಕೊಟ್ಟುಬಿಡುವ’ ಬದಲು ನಾಲ್ಕೈದು ತಿಂಗಳಿಗೆ ಯಾರ ಬಳಿಯಾದರೂ ಇರಿಸಿ. ಚಿಪ್ಪನ್ನೂ ಲಸಿಕೆಯನ್ನೂ ನೀವಿರುವಾಗಲೇ ಮುಗಿಸಿ, ರಕ್ತ ತೆಗೆಸುವ ಕೆಲಸವನ್ನು ಅವರಿಗೆ ವಹಿಸಿ, ರಜೆಗೆ ಬಂದಾಗ ಜೊತೆಗೆ ಕರೆದುಕೊಂಡು ಹೋಗಿ. ಸಾಕುಪ್ರಾಣಿಯ ಸರಳ ನಿಯಮಗಳು ಅನ್ವಯಿಸಬೇಕಾದರೆ ಅದರ ಪ್ರಯಾಣಕ್ಕೂ ನಿಮ್ಮ ಪ್ರಯಾಣಕ್ಕೂ 5 ದಿನಕ್ಕಿಂತ ಹೆಚ್ಚು ಅಂತರವಿರಬಾರದು ಎಂಬ ಐರೋಪ್ಯ ಷರತ್ತಿರುವುದರಿಂದ, ಯಾರದೋ ಕೈಯಲ್ಲಿ ಆಮೇಲೆ ಕಳುಹಿಸಿದರಾಯಿತು ಎಂಬ ಲೆಕ್ಕ ಬೇಡ. ಇರಿಸಿಕೊಳ್ಳುವವರಿಗೆ ಊಟದ, ಮರಳಿನ, ಡಾಕ್ಟರ ಖರ್ಚನ್ನು ತಿಂಗಳ ಮೊದಲಲ್ಲೇ ಕಳುಹಿಸಿ, ಲಸಿಕೆ ಪುಸ್ತಕದ ಮೂಲ ಪ್ರತಿ ಅವರ ಕೈಯಲ್ಲಿರಲಿ, ತುರ್ತು ಚಿಕಿತ್ಸೆಗೆ ನಿಮ್ಮ ಒಪ್ಪಿಗೆ ಇದೆಯೆಂದು ಒಂದು ಪತ್ರ ಬರೆದುಕೊಡಿ. ವಾಕಡ್ ಸುತ್ತಮುತ್ತ ಹೀಗೆ ಇರಿಸಿಕೊಳ್ಳುವ ಕೆಲವರನ್ನು ನಾನು ಬಲ್ಲೆ. ಅಗತ್ಯವಿರುವವರು ಬೆಕ್ಕಿನ ವಯಸ್ಸು, ಹೋಗುವ ದೇಶ ಮತ್ತು ಕೊನೆಯ ರೇಬೀಸ್ ಲಸಿಕೆಯ ತಾರೀಖು ಈ ಮೂರನ್ನು ಬರೆದು ಇನ್‌ಬಾಕ್ಸಿಗೆ ಕಳುಹಿಸಿ.